ಬಹುಮಾನದ ಪಟ್ಟಿಗೆ ಸೇರದ ಕೊಡಗಳ ಲೆಕ್ಕ

ಶಾಲೆಯ ಕೃಷಿ ಸಂಘದ ಬಹುಮಾನ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸವನ್ನು ಮುಖ್ಯೋಪಾಧ್ಯಾಯರು ನನಗೆ ಒಪ್ಪಿಸಿದಾಗ, ಅದು ಒಂದು ತಾಸಿನ ಕೆಲಸವೆಂದು ನಾನು ತಿಳಿದಿದ್ದೆ. ತೂಕದ ವಹಿ ನನ್ನ ಬಳಿಯೇ ಇತ್ತು. ಮಕ್ಕಳ ಕೈತೋಟದ ಹನ್ನೆರಡು ಮಡಿಗಳ ಬೆಳೆಯ ತೂಕವನ್ನು ಕೂಡಿಸಿ, ಮೇಲಿನಿಂದ ಮೂರು ತಂಡಗಳ ಹೆಸರು ಬರೆದರೆ ಮುಗಿಯುತ್ತಿತ್ತು. ಹಾಗೆಯೇ ಬರೆದೆ, ಸಹಿ ಮಾಡಿಸಿದೆ, ಚಿತ್ರಕಲಾ ಶಿಕ್ಷಕರ ಕೈಯಲ್ಲಿ ಪ್ರಮಾಣಪತ್ರಗಳಿಗೆ ಚೆಂದದ ಅಕ್ಷರಗಳಲ್ಲಿ ಹೆಸರನ್ನೂ ಹಾಕಿಸಿದೆ. ಸಮಾರಂಭದ ಹಿಂದಿನ ಸಂಜೆ ಆ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಳ್ಳುವ ಪ್ರಸಂಗ ಬಂತು. ನನ್ನಂತೆ ಬಿ.ಇಡಿ. ಓದುತ್ತಿರುವವರಿಗೂ, ಶಾಲೆಯಲ್ಲಿ ಕೈತೋಟದ ಹೊಣೆ ಹೊತ್ತಿರುವ ಶಿಕ್ಷಕರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಬಿ.ಇಡಿ. ಎರಡು ವರ್ಷಗಳ ಕೋರ್ಸ್ ಆದಾಗಿನಿಂದ, ಪ್ರಶಿಕ್ಷಣಾರ್ಥಿಗಳು ಒಟ್ಟು 20 ವಾರ ಶಾಲೆಯಲ್ಲಿ ಇರಬೇಕು. ಅದರಲ್ಲಿ 16 ವಾರ ಎರಡನೆಯ ವರ್ಷದಲ್ಲಿ ಬರುತ್ತವೆ. ಆ 16 ವಾರಗಳಿಗಾಗಿ ನಾನು ಹೋದದ್ದು ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ. ಅದು ಡೋಣಿ ನದಿಯ ಸೀಮೆ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಇಂದಿಗೂ ಹೇಳುವ ಎರಿ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ. ಮಳೆ ಬಿದ್ದರೆ ಕಾಲಿಗೆ ಕೆಸರಿನ ಹೆಂಟೆ ಅಂಟಿಕೊಂಡು ಹೆಜ್ಜೆ ಎತ್ತಲಾಗದು. ಹದಿನೈದು ದಿನ ಬಿಸಿಲು ಬಿದ್ದರೆ ಅದೇ ಮಣ್ಣು ಬಿರಿದು, ಬಿರುಕಿನಲ್ಲಿ ಬೆರಳು ಇಳಿಯುತ್ತದೆ. ಅಲ್ಲಿನ ಮಕ್ಕಳಿಗೆ ಈ ಮಣ್ಣಿನ ಗುಣವನ್ನು ನಾನು ಕಲಿಸುವ ಅಗತ್ಯವೇ ಇರಲಿಲ್ಲ ಎಂಬುದು ನನಗೆ ಬಹಳ ತಡವಾಗಿ ಅರ್ಥವಾಯಿತು.

ಶಾಲೆಯ ಹಿಂದೆ, ಬಿಸಿಯೂಟದ ಅಡುಗೆಮನೆಯ ಪಕ್ಕದಲ್ಲಿ, ಕೃಷಿ ಸಂಘದ ಕೈತೋಟವಿತ್ತು. ಎಂಟು ಮತ್ತು ಒಂಬತ್ತನೆಯ ತರಗತಿಯ 36 ಮಕ್ಕಳು, ಮೂವರಂತೆ ಹನ್ನೆರಡು ತಂಡ, ತಂಡಕ್ಕೊಂದು ಮಡಿ. ಪ್ರತಿ ಮಡಿ 10 ಅಡಿ ಉದ್ದ, 4 ಅಡಿ ಅಗಲ. ಸೆಪ್ಟೆಂಬರಿನಲ್ಲಿ ನಮ್ಮ ಸೀಮೆಗೆ ವರ್ಷದ ದೊಡ್ಡ ಮಳೆ ಬರುವುದರಿಂದ, ನೀರು ನಿಂತು ಬೇರು ಕೊಳೆಯದಂತೆ ಮಡಿಗಳನ್ನು ಒಂದು ಗೇಣು ಎತ್ತರಿಸಿ, ತಿಪ್ಪೆಗೊಬ್ಬರ ಬೆರೆಸಿ ಬಿತ್ತಿದೆವು. ಯಾವ ತಂಡಕ್ಕೆ ಯಾವ ಬೆಳೆ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿದೆವು. ಮೆಂತ್ಯ, ಕೊತ್ತಂಬರಿ, ಪಾಲಕ, ಮೂಲಂಗಿ, ಬದನೆ, ಟೊಮೆಟೊ, ಚವಳಿಕಾಯಿ, ಹೀರೆ ಹೀಗೆ. ಬೆಳೆದದ್ದೆಲ್ಲ ಬಿಸಿಯೂಟದ ಸಾರಿಗೆ, ಪಲ್ಲೆಗೆ ಹೋಗುತ್ತಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ವಹಿಯಲ್ಲಿ ಬರೆದು ಒಳಗೆ ಕೊಡುವುದು ಕ್ರಮ. ಡಿಸೆಂಬರ್ 23ರ ರೈತರ ದಿನದಂದು ಹೆಚ್ಚು ತೂಕ ತೆಗೆದ ಮೂರು ತಂಡಗಳಿಗೆ ಬಹುಮಾನವೆಂದು ಸೆಪ್ಟೆಂಬರಿನಲ್ಲೇ ಸಾರಿದೆವು. ಈ ನಿಯಮವನ್ನು ಸೂಚಿಸಿದವಳು ನಾನೇ. ತೂಕಕ್ಕೆ ಪಕ್ಷಪಾತವಿಲ್ಲ, ಕೆಜಿ ಯಾರ ಮುಖವನ್ನೂ ನೋಡುವುದಿಲ್ಲ ಎಂಬುದು ನನ್ನ ವಾದವಾಗಿತ್ತು. ವಿಜ್ಞಾನ ಓದಿದವಳಾದ ನನಗೆ ಅದರಲ್ಲಿ ಪೂರ್ಣ ನಂಬಿಕೆಯೂ ಇತ್ತು.

ಡಿಸೆಂಬರ್ 22ರ ಸಂಜೆ ಕುರ್ಚಿಗಳನ್ನು ಹೊರತೆಗೆಯಲು ಸಾಮಾನಿನ ಕೋಣೆಗೆ ಹೋದೆ. ಸಲಿಕೆ, ಗುದ್ದಲಿ, ಖುರ್ಪಿ, ಬುಟ್ಟಿಗಳನ್ನು ಇಡುವ ಆ ಕೋಣೆಯ ಬಾಗಿಲ ಹಿಂದಿನ ಗೋಡೆಯ ಮೇಲೆ, ಮಕ್ಕಳ ಎದೆಯ ಎತ್ತರದಲ್ಲಿ, ಇದ್ದಿಲಿನಿಂದ ಎಳೆದ ಗೆರೆಗಳು ಕಂಡವು. ನಾಲ್ಕು ನಿಂತ ಗೆರೆ, ಅವುಗಳ ಮೇಲೆ ಒಂದು ಅಡ್ಡಗೆರೆ. ಮತ್ತೆ ನಾಲ್ಕು, ಮತ್ತೊಂದು ಅಡ್ಡ. ಎಡಗಡೆ ನಾಲ್ಕು ಹೆಸರುಗಳ ಮೊದಲ ಅಕ್ಷರಗಳಿದ್ದವು. ಒಂದು ಸಾಲಿನ ಕೊನೆಯ ಮೂರು ಗೆರೆಗಳನ್ನು ಯಾರೋ ಅಂಗೈಯಿಂದ ಒರೆಸಿದ್ದರು. ಅದರ ಪಕ್ಕದಲ್ಲಿಯೇ ಬೇರೆ ಕೈಯವರು ಅವೇ ಮೂರು ಗೆರೆಗಳನ್ನು ಒತ್ತಿ ಮತ್ತೆ ಬರೆದಿದ್ದರು. ಗೋಡೆ ಕೆಡಿಸಿದವರು ಯಾರೆಂದು ಕೇಳುವ ಮನಸ್ಸಿನಿಂದಲೇ ನಾನು ಕುರ್ಚಿ ಹೊರಲು ಬಂದಿದ್ದ ಎಂಟನೆಯ ತರಗತಿಯ ಹುಡುಗಿಯನ್ನು ಕರೆದೆ.

"ಅವು ಕೊಡದ ಗೆರಿರೀ ಅಕ್ಕೋರ. ಒಂದು ಗೆರಿ ಅಂದ್ರ ಒಂದು ಕೊಡ. ದಸರಾ ರಜಾದಾಗ ಹಾಕಿದ್ದು," ಎಂದಳು.

ದಸರಾ ರಜೆಯಲ್ಲಿ ಶಾಲೆಯ ನಳ ಬಂದ್ ಆಗಿತ್ತು. ನಾನು ನನ್ನ ಊರಿಗೆ ಹೋಗಿದ್ದೆ. ಶಿಕ್ಷಕರೂ ಅವರವರ ಊರಿಗೆ ಹೋಗಿದ್ದರು. ರಜೆಗೆ ಮುಂಚೆ ಮಳೆ ಚೆನ್ನಾಗಿ ಬಿದ್ದಿತ್ತು. ಹೀಗಾಗಿ ಮಡಿಗಳು ಹೇಗೋ ಉಳಿದುಕೊಂಡವು ಎಂದು ನಾನು ಹಿಂದಿರುಗಿದಾಗ ಅಂದುಕೊಂಡಿದ್ದೆ. ಅವು ಹೇಗೋ ಉಳಿದಿರಲಿಲ್ಲ. ಶಾಲೆಯ ಹತ್ತಿರದ ಓಣಿಯ ಮೂವರು ಹುಡುಗಿಯರು, ಒಬ್ಬ ಹುಡುಗ, ಬೆಳಿಗ್ಗೆ ಸರದಿಯ ಮೇಲೆ ಬಂದು ಹನ್ನೆರಡೂ ಮಡಿಗಳಿಗೆ ನೀರು ಹಾಕಿದ್ದರು. ಶಾಲೆಯ ಎದುರಿಗೇ ಒಂದು ಬೋರಿಂಗ್ (ಕೊಳವೆಬಾವಿ) ಇದೆ. ಅದನ್ನು ಬಿಟ್ಟು ಗುಡಿಯ ಹತ್ತಿರದ ಬೋರಿಂಗಿನಿಂದ ಕೊಡ ಹೊತ್ತು ತಂದಿದ್ದರು. ಅಷ್ಟು ದೂರದಿಂದ ಏಕೆ ಎಂದು ಕೇಳಿದ್ದಕ್ಕೆ, ಎದುರಿನದು ಸವುಳು ನೀರು, ಅದನ್ನು ಹಾಕಿದರೆ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ, ಕೊತ್ತಂಬರಿ ತುದಿ ಸುಟ್ಟುಕೊಳ್ಳುತ್ತದೆ ಎಂದಳು. ಮೊದಲ ಎರಡು ದಿನ ಅದನ್ನೇ ಹಾಕಿ ನೋಡಿ ಬಿಟ್ಟೆವು ಎಂದೂ ಹೇಳಿದಳು. ಗೆರೆ ಎಳೆದದ್ದು ತಮ್ಮ ತಮ್ಮಲ್ಲಿ ಜಗಳ ಬಂದದ್ದಕ್ಕೆ. ಯಾರು ಎಷ್ಟು ಕೊಡ ತಂದರೆಂಬ ಜಗಳ. ಬಹುಮಾನದ ಯೋಚನೆ ಅಲ್ಲಿ ಇರಲೇ ಇಲ್ಲ, ಏಕೆಂದರೆ ನೀರಿಗೆ ಬಹುಮಾನವುಂಟೆಂದು ನಾವು ಯಾರೂ ಹೇಳಿರಲಿಲ್ಲ.

ನಾನು ಗೆರೆಗಳನ್ನು ಎಣಿಸಿದೆ. ಒರೆಸಿ ಮತ್ತೆ ಬರೆದವನ್ನೂ ಹಿಡಿದು 212 ಇದ್ದವು.

ಆ ನಾಲ್ವರಲ್ಲಿ ಒಬ್ಬರ ಹೆಸರೂ ನನ್ನ ಪಟ್ಟಿಯಲ್ಲಿರಲಿಲ್ಲ. ಅವರ ಮಡಿಗಳು ಕೊತ್ತಂಬರಿ ಮತ್ತು ಮೆಂತ್ಯದವು. ಮೊದಲ ಬಹುಮಾನ ಪಡೆದ ಮೂಲಂಗಿ ಮಡಿಯ ಒಟ್ಟು ತೂಕ 11 ಕೆಜಿ 400 ಗ್ರಾಂ. ಕೊತ್ತಂಬರಿ ಮಡಿ, ಎಷ್ಟು ಸಿವುಡು ಕೊಟ್ಟರೂ, ಅದರ ಕಾಲು ಭಾಗವನ್ನೂ ಮುಟ್ಟಲು ಸಾಧ್ಯವಿರಲಿಲ್ಲ. ಇದು ಸೆಪ್ಟೆಂಬರಿನಲ್ಲಿ ಚೀಟಿ ಎತ್ತಿದ ದಿನವೇ ನಿರ್ಧಾರವಾಗಿ ಹೋಗಿತ್ತು. ಚೀಟಿ ಎತ್ತಿದ್ದರಿಂದ ನ್ಯಾಯವಾಯಿತೆಂದು ನಾನು ತಿಳಿದದ್ದು ತಪ್ಪು. ಮೂಲಂಗಿ 40–50 ದಿನಗಳಲ್ಲಿ ಗಡ್ಡೆ ಕೊಡುತ್ತದೆ, ಅದರ ಬಹುಪಾಲು ತೂಕ ನೀರಿನದೇ. ಬದನೆ ಸಸಿ ನೆಟ್ಟು ಎರಡು ತಿಂಗಳ ಮೇಲೆ ಕಾಯಿಗೆ ಬರುತ್ತದೆ, ಅದರ ನಿಜವಾದ ಫಸಲು ನಮ್ಮ ಸಮಾರಂಭದ ನಂತರವೇ ಆರಂಭವಾಗುವಂಥದ್ದು. ಇನ್ನು ಮೂರನೆಯ ಮಡಿಯ ಪಕ್ಕದಲ್ಲಿ ಮಕ್ಕಳು ತಟ್ಟೆ ತೊಳೆಯುವ ನೀರಿನ ಕಾಲುವೆ ಹರಿಯುತ್ತದೆ. ಶಾಲೆ ನಡೆಯುವ ದಿನಗಳಲ್ಲಿ ಆ ಮಡಿಗೆ ಯಾರೂ ಕೊಡ ಹೊರಬೇಕಾಗಿರಲಿಲ್ಲ. ಇವೆಲ್ಲ ದಿನವೂ ನನ್ನ ಕಣ್ಣೆದುರಿಗೆ ಇದ್ದವು. ವಹಿಯಲ್ಲಿ ಮಾತ್ರ ಇರಲಿಲ್ಲ, ಏಕೆಂದರೆ ವಹಿಯನ್ನು ನಾನು ತಕ್ಕಡಿಯ ಹತ್ತಿರ ತೆರೆಯುತ್ತಿದ್ದೆನೇ ಹೊರತು ಮಡಿಯ ಹತ್ತಿರ ತೆರೆಯುತ್ತಿರಲಿಲ್ಲ.

ಹೆಚ್ಚು ನೋವು ಕೊಟ್ಟದ್ದು ಏಳನೆಯ ಮಡಿ. ಅದು ಟೊಮೆಟೊ ಮಡಿ. ನವೆಂಬರ್ ಮೊದಲ ವಾರದಲ್ಲಿ ಅದರ ಎಲೆಗಳು ಮುದುಡಿ, ಗಿಡ ಗಿಡ್ಡವಾಗಿ ನಿಂತಿತು. ಬಿಳಿ ನೊಣದಿಂದ ಹರಡುವ ಎಲೆ ಮುಟುರು ರೋಗ ಅದು. ವೈರಸ್ಸಿನಿಂದ ಬರುವುದರಿಂದ, ಹಿಡಿದ ಗಿಡಕ್ಕೆ ಔಷಧವಿಲ್ಲ. ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಪುಡಿಯ ಲೆಕ್ಕದಲ್ಲಿ ಕಷಾಯ ಮಾಡಿ ಸಿಂಪಡಿಸಿದರೆ ನೊಣದ ಕಾಟ ಕಡಿಮೆಯಾಗುತ್ತದೆ, ರೋಗ ಹಿಡಿದ ಗಿಡವನ್ನಂತೂ ಕಿತ್ತೇ ತೀರಬೇಕು ಎಂದು ನಾನೇ ತರಗತಿಯಲ್ಲಿ ಹೇಳಿದ್ದೆ. ಆ ಮೂವರು ಮಕ್ಕಳು ಅದನ್ನು ಕೇಳಿ, ತಮ್ಮ ಮಡಿಯ ಗಿಡಗಳನ್ನೆಲ್ಲ ಒಂದೇ ಮಧ್ಯಾಹ್ನ ಕಿತ್ತು ತೋಟದ ಆಚೆ ಹೂಳಿದರು. ಅವುಗಳಲ್ಲಿ ಕೆಲವು ಗಿಡಗಳಿಗೆ ಆಗಲೇ ಹೀಚುಕಾಯಿ ಬಂದಿದ್ದವು. ನನ್ನ ಪಟ್ಟಿಯಲ್ಲಿ ಏಳನೆಯ ಮಡಿಯ ಎದುರು ಇದ್ದದ್ದು ಸೊನ್ನೆ. ಪಕ್ಕದ ಎಂಟನೆಯ ಮಡಿಯ ಟೊಮೆಟೊ ಉಳಿದು ಮೂರನೆಯ ಬಹುಮಾನ ಪಡೆದಿತ್ತು.

ಆ ರಾತ್ರಿ ನನ್ನ ಮಾರ್ಗದರ್ಶಕರಾಗಿದ್ದ ಹಿರಿಯ ವಿಜ್ಞಾನ ಶಿಕ್ಷಕರ ಮನೆಗೆ ಹೋಗಿ, ಪಟ್ಟಿಯನ್ನು ಬದಲಿಸಬೇಕೆಂದು ಹೇಳಿದೆ. ಅವರು ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ಮಕ್ಕಳಿಗೆ ಒಂದು ಮಾತು ಕೊಟ್ಟಿದ್ದೀರಿ. ಮೂಲಂಗಿಯ ಮಕ್ಕಳು ಆ ಮಾತನ್ನು ನಂಬಿ ದುಡಿದಿದ್ದಾರೆ. ನಿಮ್ಮ ಅಳತೆಯಲ್ಲಿ ತಪ್ಪಿತ್ತೆಂದು ಅವರ ಕೈಯಿಂದ ಬಹುಮಾನ ಕಿತ್ತುಕೊಂಡರೆ ಅದು ಎರಡನೆಯ ತಪ್ಪಾಗುತ್ತದೆ ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ಆಮೇಲೆ ಅವರೇ ದಾರಿಯನ್ನೂ ತೋರಿಸಿದರು. ನಮ್ಮ ರಾಜ್ಯದ ಕೃಷಿ ಇಲಾಖೆ ಕೊಡುವ ಕೃಷಿ ಪ್ರಶಸ್ತಿ ಬೆಳೆಯ ಇಳುವರಿಯನ್ನು ನೋಡಿ ಕೊಡುವಂಥದ್ದು. ಅದೇ ಇಲಾಖೆಯ ಕೃಷಿ ಪಂಡಿತ ಪ್ರಶಸ್ತಿ ರೈತ ಹೊಸದಾಗಿ ಕಂಡುಕೊಂಡ ಪದ್ಧತಿಗೆ, ಮಾಡಿದ ಸಾಧನೆಗೆ ಕೊಡುವಂಥದ್ದು. ಇಳುವರಿ ಒಂದೇ ರೈತನ ಅಳತೆಯಲ್ಲವೆಂದು ಸರ್ಕಾರಕ್ಕೂ ಗೊತ್ತಿದೆ, ಹಾಗಾದರೆ ನಮ್ಮ ಕೈತೋಟಕ್ಕೆ ಏಕೆ ಒಂದೇ ಅಳತೆ ಎಂದು ಕೇಳಿದರು. ತೂಕದ ಮೂರು ಬಹುಮಾನಗಳು ಹಾಗೆಯೇ ಇರಲಿ, ಉಳಿದ ಕೆಲಸ ಎಲ್ಲರಿಗೂ ಕಾಣುವಂತೆ ಸಮಾರಂಭದ ರೂಪವನ್ನೇ ಬದಲಿಸೋಣ ಎಂಬುದು ಅವರ ಸಲಹೆ. ಬೆಳಿಗ್ಗೆ ಮುಖ್ಯೋಪಾಧ್ಯಾಯರು ಒಂದೇ ಮಾತಿಗೆ ಒಪ್ಪಿದರು. ಆ ಒಪ್ಪಿಗೆಗೆ ನಾನು ಇಂದಿಗೂ ಋಣಿ.

ನಮ್ಮ ಕಡೆಯ ಶಾಲಾ ಸಮಾರಂಭಗಳಲ್ಲಿ ಒಂದು ರೂಢಿಯಿದೆ. ಪ್ರಾರ್ಥನೆ, ಸ್ವಾಗತ, ದೀಪ, ಅತಿಥಿಗಳಿಗೆಲ್ಲ ಶಾಲು, ಹಾರ, ಒಬ್ಬೊಬ್ಬರದೂ ಭಾಷಣ. ಇದೆಲ್ಲ ಮುಗಿಯುವ ಹೊತ್ತಿಗೆ ಮಕ್ಕಳು ಬಿಸಿಲಿನಲ್ಲಿ ಎರಡು ತಾಸು ಕುಳಿತಿರುತ್ತಾರೆ. ಬಹುಮಾನದ ಹೊತ್ತು ಬಂದಾಗ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಓದಿ, ಫೋಟೊ ತೆಗೆದು ಮುಗಿಸುತ್ತಾರೆ. ಯಾರ ಕೆಲಸಕ್ಕಾಗಿ ಸಭೆ ಸೇರಿತ್ತೋ ಅವರ ಪಾಲಿಗೆ ಹತ್ತು ನಿಮಿಷ ಉಳಿದರೆ ಹೆಚ್ಚು. ಅತಿಥಿಗಳಿಗೆ ಗೌರವ ಸಲ್ಲಲೇಬೇಕು, ಆದರೆ ಅದು ಮಕ್ಕಳ ಹೊತ್ತನ್ನು ನುಂಗುವುದು ಸರಿಯಲ್ಲವೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಅಂದು ನಾವು ಅತಿಥಿಗಳನ್ನು ವೇದಿಕೆಗೆ ಕರೆಯಲಿಲ್ಲ. ಗೇಟಿನಲ್ಲಿ ಸ್ವಾಗತಿಸಿ, ನೇರವಾಗಿ ತೋಟಕ್ಕೆ ಕರೆದುಕೊಂಡು ಹೋದೆವು. ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಕೆಲವು ತಾಯಂದಿರು, ಊರಿನ ಒಬ್ಬ ಹಿರಿಯ ರೈತರು. ಪ್ರತಿ ಮಡಿಯ ಮುಂದೆ ಆ ತಂಡ ನಿಂತು, ತಾವು ಮಾಡಿದ್ದನ್ನು ಎರಡು ನಿಮಿಷದಲ್ಲಿ ಹೇಳಬೇಕಿತ್ತು. ನಾನು ಹಾಕಿದ ಲೆಕ್ಕ 24 ನಿಮಿಷ. ಹಿಡಿದದ್ದು ಒಂದೂಕಾಲು ತಾಸು.

ಕೊತ್ತಂಬರಿ ಮಡಿಯ ಹುಡುಗನಿಗೆ ಮಾತೇ ಹೊರಡಲಿಲ್ಲ. ಎಲ್ಲರೂ ಕಾಯುತ್ತಾ ನಿಂತರು, ಅವನು ನೆಲ ನೋಡುತ್ತಾ ನಿಂತ. ಎಲ್ಲರನ್ನೂ ಮಾತನಾಡಲೇಬೇಕೆಂದು ಕಟ್ಟುಹಾಕಿದ ನನ್ನ ತೀರ್ಮಾನದ ಬಗ್ಗೆ ಆ ಕ್ಷಣದಲ್ಲಿ ನನಗೇ ಸಂಕಟವಾಯಿತು. ಆಮೇಲೆ ಅವನು ಬಗ್ಗಿ, ಮಡಿಯ ನಡುವಿನಿಂದ ಒಂದು ಸಸಿ, ಮೂಲೆಯಿಂದ ಒಂದು ಸಸಿ ಕಿತ್ತು, ಎರಡನ್ನೂ ಎಡಬಲ ಅಂಗೈಗಳಲ್ಲಿ ಹಿಡಿದು ಕೃಷಿ ಅಧಿಕಾರಿಗಳ ಮುಂದೆ ಚಾಚಿದ. ಒಂದು ಕಡುಹಸಿರು, ಬೇರು ಉದ್ದ. ಇನ್ನೊಂದು ಗಿಡ್ಡ, ಎಲೆಯ ಅಂಚು ಕಂದಿ ಸುರುಟಿತ್ತು, ಬೇರಿಗೆ ಹತ್ತಿದ ಮಣ್ಣಿನಲ್ಲಿ ಬಿಳಿಯ ಪುಡಿ. "ಇದು ಗುಡಿ ನೀರು, ಇದು ಸವುಳ ನೀರು," ಎಂದ. ಅಷ್ಟೇ. ಅಧಿಕಾರಿಗಳು ಎರಡೂ ಸಸಿಗಳನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆ ಬೋರಿಂಗಿನ ನೀರನ್ನು ಮತ್ತು ಮೂಲೆಯ ಮಣ್ಣನ್ನು ಪರೀಕ್ಷೆಗೆ ಕೊಡುವ ಬಗೆಯನ್ನು ಅಲ್ಲಿಯೇ ನಿಂತು ಮಕ್ಕಳಿಗೆ ಹೇಳಿಕೊಟ್ಟರು. ನಾನು ಲವಣಾಂಶದ ಬಗ್ಗೆ ಕಪ್ಪು ಹಲಗೆಯ ಮೇಲೆ ಬರೆದು ಮಾಡಿದ 40 ನಿಮಿಷದ ಪಾಠದಲ್ಲಿ ಅಷ್ಟು ಸ್ಪಷ್ಟತೆ ಇರಲಿಲ್ಲ.

ಏಳನೆಯ ಮಡಿಯಲ್ಲಿ ತೋರಿಸಲು ಏನೂ ಇರಲಿಲ್ಲ. ಬರೀ ಮಣ್ಣು, ಅದರ ಮೇಲೆ ಮಕ್ಕಳು ಹೊಸದಾಗಿ ಬಿತ್ತಿದ್ದ ಮೆಂತ್ಯದ ಎರಡೆಲೆಯ ಮೊಳಕೆಗಳು. ಆ ತಂಡದ ಹುಡುಗಿ, ಗಿಡ ಕಿತ್ತು ಹಾಕಿದ್ದನ್ನು ತಪ್ಪೊಪ್ಪಿಕೊಳ್ಳುವವಳಂತೆ ಸಣ್ಣ ದನಿಯಲ್ಲಿ ಹೇಳಿದಳು. ಹಿರಿಯ ರೈತರು ಕೇಳಿದರು:

"ಕಿತ್ತು ಎಲ್ಲಿ ಒಗದ್ರೆವ್ವಾ?"

"ಒಗೀಲಿಲ್ರಿ ಅಜ್ಜಾ, ಆ ಬೇಲಿ ಆಚೆಕ ಹುಗದ್ವಿ. ಹಂಗ ಒಗದ್ರ ನೊಣ ಮತ್ತ ಈ ಕಡೆ ಬರ್ತಾವಂತ."

"ಕಾಯಿ ಹತ್ತಿದ್ವೇನು?"

"ಹತ್ತಿದ್ವುರಿ. ಸಣ್ಣವು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ, "ನನ್ನ ಹೊಲದಾಗ ನಾನು ಹಿಂಗ ಮಾಡಲಿಲ್ಲ. ಹತ್ತಿದ ಕಾಯಿ ಮ್ಯಾಲಿನ ಆಸೆಕ್ಕ ಬಿಟ್ಟೆ. ಒಂದೂ ಗಿಡ ಉಳೀಲಿಲ್ಲ," ಎಂದರು. ಎಂಟನೆಯ ಮಡಿಯ ಮಕ್ಕಳು ಪಕ್ಕದಲ್ಲಿಯೇ ನಿಂತಿದ್ದರು. ಅವರಲ್ಲೊಬ್ಬ ತನ್ನ ಮಡಿಯಿಂದ ಎರಡು ಹಣ್ಣು ಹರಿದು ತಂದು ಆ ಹುಡುಗಿಯ ಕೈಗೆ ಕೊಟ್ಟ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ತೋಟದ ಸುತ್ತಾಟ ಮುಗಿದು ಪೆಂಡಾಲಿಗೆ ಬರುವಾಗ, ಮೂಲಂಗಿ ತಂಡದ ಹುಡುಗಿ ನನ್ನ ಸೆರಗು ಹಿಡಿದು, "ಅಕ್ಕೋರ, ನಮ್ಮ ಬಹುಮಾನ ತಪ್ಪಿತೇನ್ರಿ?" ಎಂದು ಕೇಳಿದಳು. ತಪ್ಪಿಲ್ಲವೆಂದು ಹೇಳಿದೆ, ಮೊದಲ ಬಹುಮಾನವಾದ ಖುರ್ಪಿ ಮತ್ತು ಬೀಜದ ಪೊಟ್ಟಣಗಳು ಅವಳ ತಂಡಕ್ಕೇ ಹೋದವು. ಆದರೂ ಬೇರೆಯವರಿಗೆ ಹೆಚ್ಚು ಚಪ್ಪಾಳೆ ಬಿದ್ದ ದಿನ ಅವಳಿಗೆ ಬಹುಮಾನದ ಸಂತೋಷ ಪೂರ್ತಿ ಸಿಗಲಿಲ್ಲವೆಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ಅವಳು ಏನೂ ತಪ್ಪು ಮಾಡಿರಲಿಲ್ಲ. ನಾನು ಇಟ್ಟ ಅಳತೆಯನ್ನು ಪ್ರಾಮಾಣಿಕವಾಗಿ ಮುಟ್ಟಿದ್ದಳು. ಅಳತೆಯನ್ನು ಕೊನೆಯ ರಾತ್ರಿ ಪ್ರಶ್ನಿಸಿದ್ದರ ಬೆಲೆಯನ್ನು ಅವಳು ತೆತ್ತಳು. ಮೌಲ್ಯಮಾಪನದ ಪತ್ರಿಕೆಯಲ್ಲಿ ರೂಪಣಾತ್ಮಕ (ಕಲಿಕೆ ನಡೆಯುತ್ತಿರುವಾಗಲೇ ಮಾಡುವುದು), ಸಂಕಲನಾತ್ಮಕ (ಕೊನೆಯಲ್ಲಿ ಮಾಡುವುದು) ಎಂಬ ವ್ಯತ್ಯಾಸವನ್ನು ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಕೆಲಸ ನಡೆಯುತ್ತಿರುವಾಗಲೇ ಅದನ್ನು ಗಮನಿಸಿ ದಾಖಲಿಸದಿದ್ದರೆ ಕೊನೆಯಲ್ಲಿ ಯಾರಿಗೆ ಅನ್ಯಾಯವಾಗುತ್ತದೆ ಎಂಬುದು ಆ ಹುಡುಗಿಯ ಪ್ರಶ್ನೆಯ ರೂಪದಲ್ಲಿ ನನ್ನ ಮುಂದೆ ಬಂತು.

ನೀರು ಹೊತ್ತ ನಾಲ್ವರಿಗೆ ಪ್ರತ್ಯೇಕ ಪ್ರಮಾಣಪತ್ರ ಬರೆಯಿಸಲು ಸಮಯವಿರಲಿಲ್ಲ. ಮುಖ್ಯೋಪಾಧ್ಯಾಯರು ಅವರನ್ನು ಕರೆದು ನಿಲ್ಲಿಸಿ, 212 ಕೊಡಗಳ ಲೆಕ್ಕವನ್ನು ಸಭೆಗೆ ಓದಿ ಹೇಳಿದರು. ಬಿಸಿಯೂಟದ ಅಡುಗೆಯವರು ಹಿಂದಿನಿಂದ, "ನಾವು ನೋಡೇವ್ರಿ ಸರ್, ಖರೇನ ಅದು," ಎಂದು ಕೂಗಿದರು. ಅವರ ಮನೆ ಶಾಲೆಯ ಹತ್ತಿರವೇ ಇರುವುದರಿಂದ, ರಜೆಯ ಬೆಳಿಗ್ಗೆಗಳಲ್ಲಿ ಈ ಮಕ್ಕಳು ಕೊಡ ಹೊತ್ತು ಹೋಗುವುದನ್ನು ಅವರು ಕಂಡಿದ್ದರು. ನಾನು ಅವರನ್ನು ಒಮ್ಮೆಯಾದರೂ ಕೇಳಿದ್ದರೆ ಅಕ್ಟೋಬರಿನಲ್ಲೇ ತಿಳಿಯುತ್ತಿತ್ತು. ಶಾಲೆಯಲ್ಲಿ ಮಕ್ಕಳನ್ನು ದಿನವೂ ನೋಡುವವರು ಶಿಕ್ಷಕರು ಮಾತ್ರವಲ್ಲ ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಮೊದಲ ವಾರದಲ್ಲಿಯೇ ತಿಳಿದುಕೊಳ್ಳಬೇಕು.

ಮರುದಿನ ಮಕ್ಕಳೊಂದಿಗೆ ಕುಳಿತು ವಹಿಯನ್ನು ಬದಲಿಸಿದೆವು. ಈಗ ಅದು ತಕ್ಕಡಿಯ ಪಕ್ಕದಲ್ಲಿಲ್ಲ. ಸಾಮಾನಿನ ಕೋಣೆಯ ಬಾಗಿಲಿಗೆ ದಾರ ಕಟ್ಟಿ ನೇತುಹಾಕಿದ್ದೇವೆ. ತೂಕದ ಕಾಲಂ ಇದೆ, ಅದನ್ನು ಆಯಾ ಬೆಳೆಗೆ ಸಾಮಾನ್ಯವಾಗಿ ಬರುವ ಇಳುವರಿಯೊಂದಿಗೆ ಹೋಲಿಸಿ ನೋಡುತ್ತೇವೆ, ಮೂಲಂಗಿಯನ್ನು ಕೊತ್ತಂಬರಿಯೊಂದಿಗೆ ಅಲ್ಲ. ಅಂದು ಮಾಡಿದ ಕೆಲಸವೇನು, ಯಾರು ಮಾಡಿದರು, ಏನು ಕೆಟ್ಟಿತು, ಕೆಟ್ಟದ್ದಕ್ಕೆ ಏನು ಮಾಡಿದೆವು ಎಂಬುದನ್ನು ಮಕ್ಕಳೇ ಸರದಿಯ ಮೇಲೆ ಬರೆಯುತ್ತಾರೆ. ನಾನು ವಾರಕ್ಕೊಮ್ಮೆ ಓದಿ ಸಹಿ ಹಾಕುತ್ತಿದ್ದೆ. ನನ್ನ ಅವಧಿ ಜನವರಿಯಲ್ಲಿ ಮುಗಿದ ಮೇಲೆ ವಿಜ್ಞಾನ ಶಿಕ್ಷಕರು ಹಾಕುತ್ತಿದ್ದಾರೆ. ಗೋಡೆಯ ಗೆರೆಗಳಿಗೆ ಸುಣ್ಣ ಬಳಿಯಬಾರದೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡೆ. ಅವರು ಒಪ್ಪಿದ್ದಾರೆ.

ಡಿಸೆಂಬರ್ 25 ಕ್ರಿಸ್‌ಮಸ್ ರಜೆ. 26ರ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಶಾಲೆಗೆ ಹೋಗಿ ವಹಿಯನ್ನು ತೆರೆದೆ. ಪೆನ್ಸಿಲಿನಲ್ಲಿ, ಎರಡು ಬೇರೆ ಬೇರೆ ಕೈಬರಹದಲ್ಲಿ, ಹೀಗಿತ್ತು: "25-12. ರಜೆ. 14 ಕೊಡ. ಗುಡಿ ಬೋರಿಂಗ್. 7ನೇ ಮಡಿ ಮೆಂತ್ಯ ನಾಲ್ಕೆಲೆ ಆಗಿದೆ." ಕೆಳಗೆ ಐದು ಹೆಸರುಗಳಿದ್ದವು. ಐದನೆಯದು ಮೂಲಂಗಿ ತಂಡದ ಹುಡುಗಿಯದು.